ಕಂಬಳ, ಆಟ, ಪರ್ಯಾಯದ ನೇರಪ್ರಸಾರ: ಸರ್ವರ್ ಹೊರೆ ಇಳಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಸ್ವಂತ ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲಿ ನೇರಪ್ರಸಾರ ಮಾಡುವ ಚಾನೆಲ್‌ಗಳು, ಕೇಬಲ್‌ನವರು, ಕಾರ್ಯಕ್ರಮದ ಸಮಿತಿಗಳು ಮತ್ತು ಅವರ ತಾಂತ್ರಿಕ ಕೆಲಸ ನೋಡುವವರಿಗಾಗಿ ಈ ಪುಟ. ಇಲ್ಲಿ ಆಟ ಎಂದರೆ ಯಕ್ಷಗಾನ, ಪರ್ಯಾಯ ಎಂದರೆ ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಲೆಕ್ಕಗಳೆಲ್ಲ ಒಂದೇ ಉದಾಹರಣೆಯ ಮೇಲೆ ನಿಂತಿವೆ: ಒಂದೇ ಹೊತ್ತಿಗೆ 20,000 ನೋಡುಗರು, ತಲಾ ಸರಾಸರಿ 1.2 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ನಾಲ್ಕು ಸೆಕೆಂಡಿನ ತುಣುಕು. ನಿಮ್ಮ ಸಂಖ್ಯೆ ಬೇರೆಯಾದರೆ ಅದನ್ನೇ ಹಾಕಿ ಗುಣಿಸಿಕೊಳ್ಳಿ.

ಸಾವಿರ ಮಂದಿ ನೋಡುವಾಗ ಸರಿಯಿತ್ತು. ಕಂಬಳದ ಹಗ್ಗ ಹಿರಿಯ ವಿಭಾಗದ ಫೈನಲ್‌ಗೆ ಜನ ಏರಿದ ಕೂಡಲೇ ಎಲ್ಲರಿಗೂ ನಿಂತಿತು. ಸರ್ವರ್ ಸಾಲದಾಯಿತೇ?

ಇರಬಹುದು. ಆದರೆ ಹೆಚ್ಚಿನ ಸಲ ಸಮಸ್ಯೆ ಸರ್ವರ್‌ನ ಗಾತ್ರದ್ದಲ್ಲ, ಒಂದೇ ಕೆಲಸವನ್ನು ಅದರ ಕೈಯಲ್ಲಿ ಸಾವಿರ ಸಲ ಮಾಡಿಸುವುದರದ್ದು.

ನೇರಪ್ರಸಾರ ಎಂದರೂ ಒಳಗೆ ನಡೆಯುವುದು ಫೈಲ್ ಹಂಚಿಕೆ. ಕ್ಯಾಮೆರಾದ ಚಿತ್ರವನ್ನು ಕುಗ್ಗಿಸುವ ಎನ್‌ಕೋಡರ್ ನಾಲ್ಕು ಸೆಕೆಂಡಿಗೊಂದು ವಿಡಿಯೊ ತುಣುಕು ಮಾಡಿ ಇಡುತ್ತದೆ, ಅದರ ಹೆಸರನ್ನು ಪ್ಲೇಲಿಸ್ಟ್‌ಗೆ ಸೇರಿಸುತ್ತದೆ. ನೋಡುಗನ ಮೊಬೈಲ್ ನಾಲ್ಕು ಸೆಕೆಂಡಿಗೊಮ್ಮೆ ಪ್ಲೇಲಿಸ್ಟ್ ಕೇಳುತ್ತದೆ, ಹೊಸ ತುಣುಕು ಕಂಡರೆ ಅದನ್ನು ತರಿಸಿಕೊಳ್ಳುತ್ತದೆ. ಅಂದರೆ ತಲಾ ನಾಲ್ಕು ಸೆಕೆಂಡಿಗೆ ಎರಡು ಕೋರಿಕೆ. 20,000 ಮಂದಿಗೆ ಸೆಕೆಂಡಿಗೆ 10,000.

ಆದರೆ ಈ ಹತ್ತು ಸಾವಿರ ಕೋರಿಕೆಗಳು ಕೇಳುತ್ತಿರುವುದು ಅದೇ ಏಳೆಂಟು ಫೈಲ್‌ಗಳನ್ನು. ನಡುವೆ ಕ್ಯಾಶ್, ಅಂದರೆ ಒಮ್ಮೆ ತಂದ ಫೈಲಿನ ಪ್ರತಿ ಇಟ್ಟುಕೊಂಡು ಹಂಚುವ ಪದರ, ಸರಿಯಾಗಿ ಕೂತರೆ, ನಾಲ್ಕು ಗುಣಮಟ್ಟಗಳಿಗೆ (240ಪಿಯಿಂದ 720ಪಿ ತನಕ) ಸೆಕೆಂಡಿಗೆ ಸರಾಸರಿ ಒಂದು ತುಣುಕು, ಪ್ಲೇಲಿಸ್ಟ್ ಒಂದು ಸೆಕೆಂಡ್ ಹಳೆಯದಾಗಲು ಬಿಟ್ಟರೆ ನಾಲ್ಕು ಪ್ಲೇಲಿಸ್ಟ್, ಒಟ್ಟು ಐದು ಕೋರಿಕೆಯಷ್ಟೇ ತುಣುಕುಗಳು ಹುಟ್ಟುವ ಮೂಲ ಸರ್ವರ್‌ಗೆ ತಲುಪಬೇಕು. ನೋಡುಗರು ಎರಡು ಸಾವಿರವಿದ್ದರೂ ಐದು, ಎರಡು ಲಕ್ಷವಾದರೂ ಐದು. ಅನ್ನಸಂತರ್ಪಣೆಯಲ್ಲಿ ಸಾರು ಬೇಕಾದವರು ಬಡಿಸುವವರನ್ನು ಕರೆಯುತ್ತಾರೆಯೇ ಹೊರತು ಎದ್ದು ಅಡುಗೆ ಭಟ್ರ ಹತ್ತಿರ ಹೋಗುವುದಿಲ್ಲವಲ್ಲ, ಹಾಗೆ. ನೋಡುಗರ ಸಂಖ್ಯೆ ಏರಿದಂತೆ ಮೂಲ ಸರ್ವರ್‌ನ ಕೋರಿಕೆಯ ಗೆರೆಯೂ ಏರುತ್ತಿದ್ದರೆ ಯಾರೋ ಪಂಕ್ತಿಯಿಂದ ಎದ್ದು ಅಡುಗೆಮನೆಗೆ ನುಗ್ಗುತ್ತಿದ್ದಾರೆ ಎಂದರ್ಥ. ಮೊದಲು ಅದನ್ನು ಹುಡುಕಿ, ಆಮೇಲೆ ಸರ್ವರ್ ಕೊಳ್ಳುವ ಮಾತು.

ಬ್ಯಾಂಡ್‌ವಿಡ್ತ್ ಎಷ್ಟು ಬೇಕು? ಬಿಲ್ ಎಷ್ಟಾಗುತ್ತದೆ?

20,000 × 1.2 ಎಂಬಿಪಿಎಸ್ = 24 ಜಿಬಿಪಿಎಸ್. ಒಂದು ಗಿಗಾಬಿಟ್ ಪೋರ್ಟ್ ಇರುವ ಸರ್ವರ್‌ನಿಂದ 800 ಎಂಬಿಪಿಎಸ್ ಮೀರಿ ನಂಬಬೇಡಿ. ಅದು ಸುಮಾರು 660 ನೋಡುಗರಿಗೆ ಆಗುತ್ತದೆ. 20,000 ಮಂದಿಗೆ ಅಂಥ 30 ಸರ್ವರ್ ಬೇಕು. ವರ್ಷಕ್ಕೆ ಕೆಲವೇ ರಾತ್ರಿ ಬೇಕಾಗುವ ಈ ಶಕ್ತಿಗೆ ಸ್ವಂತ ಸರ್ವರ್ ಇಡುವುದು ದುಡ್ಡು ಸುರಿದಂತೆ. ಹಲವು ಊರುಗಳಲ್ಲಿ ಸರ್ವರ್ ಇಟ್ಟು ಫೈಲ್‌ಗಳ ಪ್ರತಿ ಹಂಚುವ ಸಿಡಿಎನ್ ಸೇವೆಯನ್ನು ಬಾಡಿಗೆಗೆ ಹಿಡಿಯುವುದೇ ಸರಿ.

1.2 ಎಂಬಿಪಿಎಸ್‌ನಲ್ಲಿ ಒಂದು ಗಂಟೆಗೆ ಒಬ್ಬ ನೋಡುಗನಿಗೆ 540 ಎಂಬಿ. ಆರು ಗಂಟೆಯ ಕಾಲಮಿತಿ ಆಟವನ್ನು 20,000 ಮಂದಿ ಪೂರ್ತಿ ನೋಡಿದರೆ 64,800 ಜಿಬಿ. ಸಿಡಿಎನ್‌ನವರ ಜತೆ ದರ ಮಾತಾಡುವಾಗ ಜಿಬಿಗೆ ಒಂದು ರೂಪಾಯಿಯ ವ್ಯತ್ಯಾಸ ಎಂದರೆ ಆ ಒಂದೇ ರಾತ್ರಿಗೆ 64,800 ರೂಪಾಯಿ. ಮಾತಾಡುವ ಮೊದಲು ಈ ಲೆಕ್ಕ ಕೈಯಲ್ಲಿರಲಿ.

ಸಿಡಿಎನ್ ಹಾಕಿದ್ದೇವೆ. ಆದರೂ ಮೂಲ ಸರ್ವರ್ ಕುಸಿಯುತ್ತದೆ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಸಿಡಿಎನ್ ಇದ್ದೂ ಕ್ಯಾಶ್ ಆಗದಿರಲು ಆರು ಕಾರಣಗಳನ್ನು ನೋಡಿಕೊಳ್ಳಿ.

ಮೊದಲನೆಯದು ಟೋಕನ್. ಟಿಕೆಟ್ ಇರುವ ಕಾರ್ಯಕ್ರಮಗಳಲ್ಲಿ ಪ್ರತಿ ನೋಡುಗನಿಗೆ ಬೇರೆ ಬೇರೆ ಟೋಕನ್ (ಟಿಕೆಟ್ ಇದೆ ಎಂದು ತೋರಿಸುವ ಗುರುತು) ಕೊಟ್ಟು ಅದನ್ನು ಲಿಂಕಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಅಂಟಿಸುತ್ತಾರೆ. ಸಿಡಿಎನ್‌ಗೆ ಲಿಂಕ್ ಬೇರೆಯಾದರೆ ಫೈಲೂ ಬೇರೆ. 20,000 ಟೋಕನ್‌ಗೆ ಅದೇ ತುಣುಕನ್ನು 20,000 ಸಲ ಮೂಲ ಸರ್ವರ್‌ನಿಂದ ತರುತ್ತದೆ. ಟೋಕನ್ ಪರೀಕ್ಷೆ ಎಡ್ಜ್‌ನಲ್ಲೇ, ಅಂದರೆ ನೋಡುಗನಿಗೆ ಹತ್ತಿರದ ಸಿಡಿಎನ್ ಸರ್ವರ್‌ನಲ್ಲೇ ಆಗಲಿ, ಕ್ಯಾಶ್ ಕೀಯಿಂದ (ಕ್ಯಾಶ್ ಫೈಲನ್ನು ಗುರುತಿಸುವ ಹೆಸರಿನಿಂದ) ಟೋಕನ್ ಹೊರಗಿರಲಿ. ಹೆಚ್ಚಿನ ಸಿಡಿಎನ್‌ಗಳಲ್ಲಿ ಇದು ಒಂದು ಸೆಟ್ಟಿಂಗ್, ಆದರೆ ತಾನಾಗಿ ಆನ್ ಆಗಿರುವುದಿಲ್ಲ.

ಎರಡನೆಯದು ಕುಕಿ. ವೆಬ್‌ಸೈಟ್‌ನ ಲಾಗಿನ್ ಮತ್ತು ವಿಡಿಯೊ ಒಂದೇ ಡೊಮೈನ್‌ನಲ್ಲಿದ್ದು ತುಣುಕಿನ ಉತ್ತರದ ಜತೆಗೂ ಸೆಟ್-ಕುಕಿ ಹೆಡರ್ (ಉತ್ತರದ ಜತೆ ಹೋಗುವ ಸೂಚನೆಯ ಸಾಲು) ಹೋಗುತ್ತಿದ್ದರೆ ವೆಬ್ ಸರ್ವರ್ ತಂತ್ರಾಂಶವಾದ ಎಂಜಿನ್‌ಎಕ್ಸ್ ಅಂಥದ್ದನ್ನು ಕ್ಯಾಶ್ ಮಾಡುವುದೇ ಇಲ್ಲ. ವಿಡಿಯೊಗೆ ಬೇರೆ ಉಪಡೊಮೈನ್ ಇಡಿ, ಅಲ್ಲಿ ಕುಕಿ ಬೇಡವೇ ಬೇಡ.

ಮೂರನೆಯದು ವೇರಿ ಹೆಡರ್. ಅದರಲ್ಲಿ ಯೂಸರ್-ಏಜೆಂಟ್‌ಗೆ, ಅಂದರೆ ಫೋನ್ ಮತ್ತು ಬ್ರೌಸರ್‌ನ ಗುರುತಿಗೆ, ತಕ್ಕಂತೆ ಉತ್ತರ ಬೇರೆ ಎಂದು ಸರ್ವರ್ ಹೇಳಿಬಿಟ್ಟರೆ ಪ್ರತಿ ಮೊಬೈಲ್ ಮಾದರಿಗೂ ಬ್ರೌಸರ್ ಆವೃತ್ತಿಗೂ ಒಂದೊಂದು ಪ್ರತಿ ಉಳಿಯುತ್ತದೆ. ತುಣುಕುಗಳಿಗೆ ಅದರ ಅಗತ್ಯವಿಲ್ಲ.

ನಾಲ್ಕನೆಯದು ಕಣ್ಣಿಗೆ ಬೀಳದ್ದು. ವೆಬ್ ಪ್ಲೇಯರ್ ಪ್ರತಿ ಕೋರಿಕೆಗೂ ಆಥರೈಸೇಶನ್‌ನಂಥ ಹೆಚ್ಚುವರಿ ಹೆಡರ್ ಹಚ್ಚಿದರೆ, ಬೇರೆ ಡೊಮೈನ್‌ನ ಫೈಲ್ ತರುವ ಮೊದಲು ಬ್ರೌಸರ್ ಒಂದು ಆಪ್ಷನ್ಸ್ ಕೋರಿಕೆ ಕಳಿಸಿ ಅಪ್ಪಣೆ ಕೇಳುತ್ತದೆ. ಆ ಅಪ್ಪಣೆ ಒಂದೊಂದು ಲಿಂಕಿಗೆ ಮಾತ್ರ ಸೀಮಿತ. ನೇರಪ್ರಸಾರದಲ್ಲಿ ಪ್ರತಿ ತುಣುಕಿನ ಲಿಂಕೂ ಹೊಸದು. ಹಾಗಾಗಿ ಅಪ್ಪಣೆಯ ಅವಧಿಯನ್ನು ಎಷ್ಟು ಹೆಚ್ಚಿಸಿದರೂ ತುಣುಕಿನ ಕೋರಿಕೆಗಳು ಎರಡರಷ್ಟೇ ಆಗಿರುತ್ತವೆ. ಪರಿಹಾರ: ತುಣುಕು ತರುವಾಗ ಹೆಚ್ಚುವರಿ ಹೆಡರ್ ಹಾಕಲೇಬೇಡಿ.

ಐದನೆಯದು, ಶೀಲ್ಡ್ ಇಲ್ಲದಿರುವುದು. ಸಿಡಿಎನ್‌ಗೆ ಹತ್ತಾರು ಊರುಗಳಲ್ಲಿ ಎಡ್ಜ್ ಇರುತ್ತದೆ, ಪ್ರತಿಯೊಂದೂ ತನ್ನ ಪಾಡಿಗೆ ಮೂಲ ಸರ್ವರ್‌ಗೆ ಬರುತ್ತದೆ. ನಡುವೆ ಒಂದು ಶೀಲ್ಡ್ ಪದರ ಆನ್ ಮಾಡಿದರೆ ಎಲ್ಲ ಎಡ್ಜ್‌ಗಳೂ ಅದನ್ನೇ ಕೇಳುತ್ತವೆ. ಮೂಲ ಸರ್ವರ್ ಮುಂಬೈಯಲ್ಲಿದ್ದರೆ ಶೀಲ್ಡ್ ಕೂಡ ಮುಂಬೈಯದ್ದೇ ಇರಲಿ.

ಕೊನೆಯದು ಕ್ಯಾಶ್ ಅವಧಿಯ ತಪ್ಪು. ಒಮ್ಮೆ ಬರೆದ ತುಣುಕು ಬದಲಾಗುವುದಿಲ್ಲ, ಒಂದು ದಿನ ಇರಲಿ. ಪ್ಲೇಲಿಸ್ಟ್‌ಗೆ 1 ಸೆಕೆಂಡ್, ಹೆಚ್ಚೆಂದರೆ ತುಣುಕಿನ ಅರ್ಧದಷ್ಟು, ಅಂದರೆ 2 ಸೆಕೆಂಡ್. 404 (ಫೈಲ್ ಸಿಗಲಿಲ್ಲ ಎಂಬ) ಉತ್ತರಕ್ಕೂ 1 ಸೆಕೆಂಡ್ ಮಾತ್ರ. ಕೆಲವರು ಪ್ಲೇಲಿಸ್ಟ್‌ಗೆ ಕ್ಯಾಶೇ ಬೇಡ ಎಂದು ಬರೆದಿಡುತ್ತಾರೆ. ಒಂದು ಸೆಕೆಂಡಿನ ಕ್ಯಾಶ್ ಎಂದರೆ ಏನು ಮಹಾ ಎನಿಸುತ್ತದೆ, ಆದರೆ ಸೆಕೆಂಡಿಗೆ 5,000 ಇದ್ದದ್ದು ನಾಲ್ಕಕ್ಕೆ ಇಳಿಯುವುದು ಅದರಿಂದಲೇ.

ಪರೀಕ್ಷೆ ಸುಲಭ. ಕಮಾಂಡ್ ಸಾಲಿನಿಂದ ಫೈಲ್ ತರುವ ಕರ್ಲ್‌ನಲ್ಲಿ ಒಂದೇ ತುಣುಕನ್ನು ಎರಡು ಬೇರೆ ಟೋಕನ್‌ಗಳಿಂದ ಕೇಳಿ. ಎರಡನೇ ಸಲ ಎಕ್ಸ್-ಕ್ಯಾಶ್‌ನಂಥ ಹೆಡರ್‌ನಲ್ಲಿ ಹಿಟ್ (ಕ್ಯಾಶ್‌ನಿಂದಲೇ ಸಿಕ್ಕಿತು) ಎಂದು ಬರಬೇಕು, ಏಜ್ (ಪ್ರತಿಯ ವಯಸ್ಸು) ಸಂಖ್ಯೆ ಏರಿರಬೇಕು. ಮಿಸ್ ಎಂದರೆ ಮೇಲಿನ ಆರರಲ್ಲಿ ಒಂದು ಉಳಿದಿದೆ.

ಸಿಡಿಎನ್ ಇಲ್ಲದೆ ಎರಡು ಮೂರು ಎಂಜಿನ್‌ಎಕ್ಸ್ ಸರ್ವರ್‌ಗಳಲ್ಲೇ ನಡೆಸುತ್ತೇವೆ. ಏನು ನೋಡಿಕೊಳ್ಳಬೇಕು?

ಎನ್‌ಕೋಡ್ ಮಾಡುವ ಯಂತ್ರದಿಂದಲೇ ನೋಡುಗರಿಗೆ ಹಂಚಬೇಡಿ. ಜನ ಏರಿದಾಗ ಸಿಪಿಯುವಿಗೆ ಎಳೆದಾಟ ಆಗಿ ಎನ್‌ಕೋಡರ್ ಹಿಂದೆ ಬೀಳುತ್ತದೆ. ಆಗ ಎಷ್ಟು ಎಡ್ಜ್ ಇದ್ದರೂ ಹಂಚಲು ತುಣುಕೇ ಇರುವುದಿಲ್ಲ.

ಪ್ರಾಕ್ಸಿ ಕ್ಯಾಶ್ ಲಾಕ್ ಆನ್ ಇರಲಿ. ಒಂದೇ ಫೈಲನ್ನು ಸಾವಿರ ಮಂದಿ ಒಮ್ಮೆಲೇ ಕೇಳಿದರೆ ಒಬ್ಬನ ಕೋರಿಕೆ ಮಾತ್ರ ಒಳಗೆ ಹೋಗುತ್ತದೆ, ಉಳಿದವರು ಕಾಯುತ್ತಾರೆ. ಇದರಲ್ಲೂ ಒಂದು ಕೊಕ್ಕೆ ಇದೆ: ಕಾಯುವವರು ಅರ್ಧ ಸೆಕೆಂಡಿಗೊಮ್ಮೆ ಬಂದಿದೆಯೇ ಎಂದು ಇಣುಕುತ್ತಾರೆ, ಹಾಗಾಗಿ ಮೂಲ ಸರ್ವರ್ 20 ಮಿಲಿಸೆಕೆಂಡ್‌ನಲ್ಲಿ ಕೊಟ್ಟರೂ ಇವರಿಗೆ 500 ಮಿಲಿಸೆಕೆಂಡ್ ತಡ. ಪ್ಲೇಲಿಸ್ಟ್‌ಗೆ ಈ ತಡ ಕಾಡುತ್ತದೆ. ಅದಕ್ಕಾಗಿ ಪ್ಲೇಲಿಸ್ಟ್ ವಿಭಾಗದಲ್ಲಿ ಮಾತ್ರ, ಹೊಸದು ಬರುವ ತನಕ ಹಳೆಯ ಪ್ರತಿಯನ್ನೇ ಕೊಡುವ ಪ್ರಾಕ್ಸಿ ಕ್ಯಾಶ್ ಯೂಸ್ ಸ್ಟೇಲ್ ಅಪ್‌ಡೇಟಿಂಗ್ ಹಾಕಿ. ಲಾಕ್ ಟೈಮ್‌ಔಟ್ ತಾನಾಗಿ 5 ಸೆಕೆಂಡ್. ಅದು ಮೀರಿದರೆ ಕಾಯುತ್ತಿದ್ದವರೆಲ್ಲ ಒಟ್ಟಿಗೆ ಒಳಗೆ ನುಗ್ಗುತ್ತಾರೆ. ಮೂಲ ಸರ್ವರ್ ನಿಧಾನವಾದ ಹೊತ್ತಿಗೇ ಅದರ ಮೇಲೆ ದಾಳಿ ಆಗುವುದು ಹೀಗೆ.

ವರ್ಕರ್ ಕನೆಕ್ಷನ್ಸ್ (ಒಂದು ವರ್ಕರ್ ಹಿಡಿಯಬಲ್ಲ ಸಂಪರ್ಕಗಳು) ತಾನಾಗಿ 512 ಮಾತ್ರ. 8192 ಅಥವಾ ಹೆಚ್ಚು ಮಾಡಿ, ಜತೆಗೆ ತೆರೆದಿಡಬಹುದಾದ ಫೈಲ್‌ಗಳ ಮಿತಿಯನ್ನೂ ಏರಿಸಿ. ಒಂದನ್ನು ಏರಿಸಿ ಇನ್ನೊಂದನ್ನು ಮರೆತರೆ ಲಾಗ್‌ನಲ್ಲಿ "ತುಂಬಾ ಫೈಲ್ ತೆರೆದಿವೆ" ಎಂಬ ಅರ್ಥದ ದೂರು ಸುರಿಯುತ್ತದೆ. ಕೀಪ್‌ಅಲೈವ್, ಅಂದರೆ ಸುಮ್ಮನಿರುವ ಸಂಪರ್ಕವನ್ನು ತೆರೆದಿಡುವ ಅವಧಿ, 75 ಸೆಕೆಂಡ್ ಇರುವುದನ್ನು ಯಾರದೋ ಸಲಹೆ ಕೇಳಿ 2 ಸೆಕೆಂಡಿಗೆ ಇಳಿಸಬೇಡಿ. ತುಣುಕು ನಾಲ್ಕು ಸೆಕೆಂಡಿನದ್ದು, ಪ್ರತಿ ಸಲವೂ ಹೊಸ ಸಂಪರ್ಕ, ಹೊಸ ಟಿಎಲ್‌ಎಸ್ (ಗೂಢಲಿಪಿ) ಕೈಕುಲುಕು ಎಂದಾಗಿ ಸಿಪಿಯು ಅದರಲ್ಲೇ ಮುಗಿಯುತ್ತದೆ.

ತುಣುಕುಗಳನ್ನು ಡಿಸ್ಕ್‌ಗಿಂತ ರ‍್ಯಾಮ್‌ನಲ್ಲಿಡಿ. 300, 600, 1100, 2200 ಕೆಬಿಪಿಎಸ್ ಎಂಬ ನಾಲ್ಕು ಗುಣಮಟ್ಟ ಸೇರಿದರೆ 4.2 ಎಂಬಿಪಿಎಸ್. ಅರ್ಧ ಗಂಟೆಯದ್ದಕ್ಕೆ 1 ಜಿಬಿ ರ‍್ಯಾಮ್ ಸಾಕು.

ಆಟದ ನಡುವೆ ಎನ್‌ಕೋಡರ್ ಒಮ್ಮೆ ನಿಲ್ಲಿಸಿ ಶುರು ಮಾಡಿದೆವು. ಕೆಲವರಿಗೆ ಮಧ್ಯರಾತ್ರಿ, ಆಟಕ್ಕೆ ಮೊದಲು ನಡೆದ ಚೌಕಿ ಪೂಜೆ ಮತ್ತೆ ಕಾಣಿಸಿತು!

ತುಣುಕಿನ ಹೆಸರು ಮತ್ತೆ ಸೊನ್ನೆಯಿಂದ ಶುರುವಾಗಿದೆ. ಸಂಜೆಯ ಹತ್ತನೇ ತುಣುಕು ಸಿಡಿಎನ್‌ನಲ್ಲಿ ಒಂದು ದಿನದ ಅವಧಿಗೆ ಕೂತಿತ್ತು, ಅದೇ ಹೆಸರು ಕೇಳಿದವರಿಗೆ ಅದನ್ನೇ ಕೊಟ್ಟಿತು. ತುಣುಕಿನ ಹೆಸರಿನಲ್ಲಿ ಆರಂಭದ ಸಮಯ ಸೇರಿಸಿ, ಅಥವಾ ಪ್ರತಿ ಸಲ ಹೊಸ ಫೋಲ್ಡರ್ ಬಳಸಿ. ಗಾಬರಿಯಲ್ಲಿ ಇಡೀ ಕ್ಯಾಶ್ ಖಾಲಿ ಮಾಡಬೇಡಿ, ಜನ ತುಂಬಿರುವ ಹೊತ್ತಿನಲ್ಲಿ ಅದು ಗಾಯಕ್ಕೆ ಉಪ್ಪು.

ಇದರ ತಮ್ಮನಂಥದ್ದು ಇನ್ನೊಂದಿದೆ. ಎನ್‌ಕೋಡರ್ ಪೂರ್ತಿ ಬರೆಯುವ ಮೊದಲೇ ಯಾರೋ ಕೇಳಿದರೆ ಅರ್ಧ ತುಣುಕು ಕ್ಯಾಶ್ ಆಗಿ, ಆ ಎಡ್ಜ್‌ನ ನೋಡುಗರೆಲ್ಲ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಎನ್‌ಕೋಡ್ ಮಾಡುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ನಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ಹೆಸರು ಬದಲಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿ.

ರಾತ್ರಿ ಹತ್ತಕ್ಕೆ ಚೆನ್ನಾಗಿದ್ದದ್ದು ಬೆಳಗಿನ ಜಾವಕ್ಕೆ ನಿಧಾನವಾಗುತ್ತದೆ. ನೋಡುಗರು ಕಡಿಮೆಯಾಗಿದ್ದರೂ ಹೀಗೇಕೆ?

ಪ್ಲೇಲಿಸ್ಟ್ ಉದ್ದವಾಗಿದೆ. "ಮೊದಲಿನಿಂದ ನೋಡಲು ಸಿಗಲಿ" ಎಂದು ಹಳೆಯ ತುಣುಕುಗಳ ಹೆಸರನ್ನೆಲ್ಲ ಉಳಿಸಿಕೊಂಡರೆ ಆಗುವುದೇ ಇದು. ಹನ್ನೆರಡು ಗಂಟೆಗೆ ನಾಲ್ಕು ಸೆಕೆಂಡಿನ ತುಣುಕುಗಳು 10,800. ಒಂದಕ್ಕೆ ಎರಡು ಸಾಲು, ಸುಮಾರು 50 ಬೈಟ್ ಹಿಡಿದರೂ ಪ್ಲೇಲಿಸ್ಟ್‌ನ ಗಾತ್ರ 540 ಕೆಬಿ. ಇದನ್ನು ಪ್ರತಿ ಮೊಬೈಲೂ ನಾಲ್ಕು ಸೆಕೆಂಡಿಗೊಮ್ಮೆ ಇಡಿಯಾಗಿ ತರಿಸಿಕೊಳ್ಳುತ್ತದೆ, ಅಂದರೆ ಸರಿಸುಮಾರು 1.1 ಎಂಬಿಪಿಎಸ್. ವಿಡಿಯೊ ತಿನ್ನುವಷ್ಟೇ ಬ್ಯಾಂಡ್‌ವಿಡ್ತನ್ನು ಬರೀ ಹೆಸರಿನ ಪಟ್ಟಿ ತಿನ್ನುತ್ತಿದೆ! 240ಪಿಯಲ್ಲಿ ನೋಡುವವನಿಗೆ ವಿಡಿಯೊಗಿಂತ ಪಟ್ಟಿಯೇ ಮೂರೂವರೆ ಪಟ್ಟು ಭಾರ. ಕಂಬಳವೂ ಇಡೀ ರಾತ್ರಿ ನಡೆದು ಭಾನುವಾರಕ್ಕೆ ಮುಗಿಯುವಂಥದ್ದು, ಅಲ್ಲೂ ಇದೇ ಕತೆ.

ನೇರಪ್ರಸಾರದ ಪ್ಲೇಲಿಸ್ಟ್ 30 ನಿಮಿಷಕ್ಕೆ ಸೀಮಿತವಾಗಿರಲಿ: 450 ತುಣುಕು, 22 ಕೆಬಿ ಆಸುಪಾಸು. ಅದಕ್ಕೆ ಜಿಜಿಪ್ ಆನ್ ಮಾಡಿ, ಹೆಸರುಗಳು ಒಂದೇ ಥರ ಇರುವುದರಿಂದ ಇನ್ನೂ ಚೆನ್ನಾಗಿ ಕುಗ್ಗುತ್ತದೆ. ಹಿಂದಿನದ್ದು ನೋಡಬೇಕಾದವರಿಗೆ ಪ್ರತಿ ಗಂಟೆ ಮುಗಿದಂತೆ ಬೇರೆ ವಿಡಿಯೊ ಮಾಡಿ ಕೊಡಿ. ಕಂಬಳಕ್ಕಾದರೆ ನೇಗಿಲು ಕಿರಿಯ, ಹಗ್ಗ ಹಿರಿಯ, ಕನೆಹಲಗೆ ಎಂದು ವಿಭಾಗವಾರು ತುಂಡು ಮಾಡಿದರೆ ನೋಡುಗರಿಗೂ ಹುಡುಕುವ ಕಷ್ಟವಿಲ್ಲ.

ದೇವಿ ಮಹಾತ್ಮೆ ಆಟದಲ್ಲಿ ಸರಿಯಾಗಿ ಮಹಿಷಾಸುರ ಬರುವಾಗಲೇ ಚಿತ್ರ ಒಡೆಯುತ್ತದೆ.

ಎರಡು ಹೊರೆ ಒಂದೇ ಗಳಿಗೆಗೆ ಬೀಳುತ್ತವೆ. ಮಹಿಷಾಸುರನ ಪ್ರವೇಶ ನೋಡಲೆಂದೇ ಎಷ್ಟೋ ಮಂದಿ ಆ ಹೊತ್ತಿಗೆ ಬಂದು ಸೇರುತ್ತಾರೆ. ಅದೇ ಹೊತ್ತಿಗೆ ಪರದೆಯ ಮೇಲೆ ದೊಂದಿ, ರಾಳದ ಹುಡಿ ಎರಚಿದ ಬೆಂಕಿ, ಹೊಗೆ, ಕಿಡಿ, ನುಗ್ಗುವ ಜನ. ಎನ್‌ಕೋಡರ್ ಬದುಕುವುದೇ ಹಿಂದಿನ ಫ್ರೇಮಿನಿಂದ ಮುಂದಿನದನ್ನು ಊಹಿಸಿ. ಕಿಡಿ, ಹೊಗೆಯನ್ನು ಊಹಿಸಲಾಗದು. ಗುಣಮಟ್ಟ ಸ್ಥಿರವಾಗಿಡುವ ಸಿಆರ್‌ಎಫ್ ಒಂದನ್ನೇ ಹಾಕಿದ್ದರೆ 2.2 ಎಂಬಿಪಿಎಸ್ ಎಂದುಕೊಂಡದ್ದು ಅದರ ಎರಡು ಮೂರು ಪಟ್ಟು ಹಾರಬಹುದು. ಎಲ್ಲ ಎಡ್ಜ್‌ಗಳಿಂದ ಹೊರಹೋಗುವ ಭಾರವೂ ಅಷ್ಟೇ ಪಟ್ಟು ಏರುತ್ತದೆ, ಅದೂ ಜನ ತುಂಬಿ ತುಳುಕುವಾಗ.

ಗರಿಷ್ಠ ಮಿತಿ ಹಾಕಲೇಬೇಕು. ಸರಾಸರಿ 2200 ಕೆಬಿಪಿಎಸ್ ಇದ್ದರೆ ಮ್ಯಾಕ್ಸ್‌ರೇಟ್ (ಗರಿಷ್ಠ ದರ) 2400, ಬಫ್‌ಸೈಜ್ (ಆ ಮಿತಿ ಅಳೆಯುವ ಬಫರ್) 4400 ಇಡಿ. ಬೆಂಕಿ ಕೊಂಚ ಮಸುಕಾಗಿ ಕಾಣುತ್ತದೆ, ಆದರೆ ನಿಲ್ಲುವುದಿಲ್ಲ. ಆ ಗಳಿಗೆಯಲ್ಲಿ ನಿಂತುಹೋದ ಚಿತ್ರಕ್ಕಿಂತ ಮಸುಕು ಚಿತ್ರ ಸಾವಿರ ಪಾಲು ಲೇಸು. ಕೀಫ್ರೇಮ್ (ಹಿಂದಿನದನ್ನು ನೆಚ್ಚದ ಪೂರ್ತಿ ಚಿತ್ರ) 2 ಸೆಕೆಂಡಿಗೊಂದು, ಅಂದರೆ ಸೆಕೆಂಡಿಗೆ 25 ಫ್ರೇಮ್ ಆದರೆ 50ಕ್ಕೊಂದು, ಎಲ್ಲ ಗುಣಮಟ್ಟಗಳಲ್ಲೂ ಒಂದೇ ಜಾಗದಲ್ಲಿ ಬರಲಿ. ದೃಶ್ಯ ಬದಲಾದಾಗ ತಾನಾಗಿ ಕೀಫ್ರೇಮ್ ಸೇರಿಸುವುದನ್ನು ಆಫ್ ಮಾಡಿ.

ಯಾವ ಯಾವ ಗುಣಮಟ್ಟ ಇಡಬೇಕು? 1080ಪಿ ಬೇಡವೇ?

240ಪಿಗೆ 300, 360ಪಿಗೆ 600, 480ಪಿಗೆ 1100, 720ಪಿಗೆ 2200 ಕೆಬಿಪಿಎಸ್. ಮೊಬೈಲ್‌ನಲ್ಲಿ ನೋಡುವವರೇ ಹೆಚ್ಚಿರುವಲ್ಲಿ 1080ಪಿಯಿಂದ ಏರುವುದು ಬಿಲ್ ಮಾತ್ರ. ಟಿವಿಗೆ ಹಾಕಿ ನೋಡುವವರಿಗೆ ಬೇಕೇ ಬೇಕೆಂದರೆ ಟಿವಿ ಆ್ಯಪ್‌ಗೆ ಮಾತ್ರ ಕೊಡಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಹೊತ್ತಿಗೆ ಭಾರತದ ದೊಡ್ಡ ಸ್ಟ್ರೀಮಿಂಗ್ ಸೇವೆಗಳೇ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ 480ಪಿಗೆ ಇಳಿದವು. ಯುರೋಪಿನಲ್ಲಿ ನೆಟ್‌ಫ್ಲಿಕ್ಸ್ ತನ್ನ ಟ್ರಾಫಿಕ್ಕನ್ನು 25 ಶೇಕಡಾ ತಗ್ಗಿಸಿತು.

ಆಟಕ್ಕೆ 25 ಫ್ರೇಮ್ ಧಾರಾಳ. ಕಂಬಳಕ್ಕೆ ಮಾತ್ರ 720ಪಿಯಲ್ಲಿ 50 ಫ್ರೇಮ್ ಯೋಚಿಸಬಹುದು. ಓಟ ಮುಗಿಯುವ ಮಂಜೊಟ್ಟಿಗೆ ಮುಟ್ಟುವಾಗ ಕೋಣದ ಕಾಲು, ಚಿಮ್ಮುವ ಕೆಸರು ನೀರು 25ರಲ್ಲಿ ಕಲಸಿಹೋಗುತ್ತದೆ.

ಯಕ್ಷಗಾನಕ್ಕೆ ಇನ್ನೊಂದು ದಾರಿಯಿದೆ, ಅದನ್ನು ಬಳಸುವವರು ಕಡಿಮೆ: ಧ್ವನಿ ಮಾತ್ರ. ಮಲಗಿಕೊಂಡು ಪದ್ಯ, ಚೆಂಡೆ, ಅರ್ಥಗಾರಿಕೆ ಕೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಪ್ಲೇಯರ್‌ನಲ್ಲಿ "ಕೇಳಿದರೆ ಸಾಕು" ಎಂಬ ಬಟನ್ ಇಟ್ಟು 96 ಕೆಬಿಪಿಎಸ್ ಆಡಿಯೊ ಕೊಡಿ. ಒಬ್ಬ ನೋಡುಗ ಕೇಳುಗನಾದರೆ ಭಾರ ಹನ್ನೆರಡನೇ ಒಂದಕ್ಕೆ ಇಳಿಯುತ್ತದೆ. ಆ್ಯಪ್ ಹಿನ್ನೆಲೆಗೆ ಹೋದಾಗ, ಪರದೆ ಆಫ್ ಆದಾಗ ತಾನಾಗಿ ಇದಕ್ಕೆ ಬದಲಾಗಲಿ.

ಎಚ್‌ಇವಿಸಿ ಎಂಬ ಹೊಸ ವಿಡಿಯೊ ಸಂಕುಚನ ವಿಧಾನ ಹಾಕಿದರೆ ಬ್ಯಾಂಡ್‌ವಿಡ್ತ್ ಅರ್ಧ ಉಳಿಯುತ್ತದಂತೆ?

ಉಳಿತಾಯ ಇದೆ. ಆದರೆ ಎಲ್ಲ ಬ್ರೌಸರ್, ಹಳೆಯ ಫೋನ್‌ಗಳಲ್ಲಿ ಓಡದು, ಹಳೆಯ ವಿಧಾನ ಎಚ್.264 ಕೂಡ ಜತೆಗೆ ಇಡಲೇಬೇಕು. ನೇರಪ್ರಸಾರದ ಎನ್‌ಕೋಡಿಂಗ್‌ಗೆ ಸಿಪಿಯು ಬೆವರಿಳಿಸುತ್ತದೆ. ಸಣ್ಣ ತಂಡಕ್ಕೆ ನಮ್ಮ ಸಲಹೆ: ನೇರಪ್ರಸಾರಕ್ಕೆ ಬೇಡ, ಮರುದಿನದ ವಿಡಿಯೊಗೆ ಬೇಕಾದರೆ ಮಾಡಿ.

ಫಲಿತಾಂಶ ವಾಟ್ಸ್‌ಆ್ಯಪ್‌ನಲ್ಲಿ ಮೊದಲು ಬರುತ್ತದೆ. ತಡವನ್ನು ಕಡಿಮೆ ಮಾಡಬಹುದೇ?

ನಾಲ್ಕು ಸೆಕೆಂಡಿನ ತುಣುಕಿನಲ್ಲಿ 15ರಿಂದ 20 ಸೆಕೆಂಡ್ ತಡ ಸಹಜ. ಎರಡು ಸೆಕೆಂಡಿಗೆ ಇಳಿಸಿದರೆ ತಡ ಹತ್ತರ ಹತ್ತಿರ ಬರುತ್ತದೆ, ಕೋರಿಕೆಗಳು ಇಮ್ಮಡಿಯಾಗುತ್ತವೆ. ಅರ್ಧ ಸೆಕೆಂಡಿನ ಚೂರುಗಳ ಲೋ ಲೇಟೆನ್ಸಿ ವಿಧಾನದಲ್ಲಿ ಇನ್ನೂ ಎಷ್ಟೋ ಪಟ್ಟು. ಓಟ ಶುರುವಾಗುವ ಗಂತಿನಲ್ಲಿ ಕೋಣ ಬಿಡುವುದಕ್ಕೇ ಕಾಯುವಷ್ಟು ಕಾಯುವ ನೋಡುಗ ಇಪ್ಪತ್ತು ಸೆಕೆಂಡಿಗೆ ಬೇಸರಪಡುವುದಿಲ್ಲ. ಕ್ಯಾಶ್ ಗಟ್ಟಿಯಾಗುವ ತನಕ ಆ ಕಡೆ ಹೋಗಬೇಡಿ.

ವಿಡಿಯೊ ಸರಿಯಿದೆ, ಲಾಗಿನ್ನೇ ಆಗುವುದಿಲ್ಲ ಎಂದು ಫೋನ್ ಬರುತ್ತದೆ.

ವಿಡಿಯೊಗಿಂತ ಮೊದಲು ಬೀಳುವುದು ಇದೇ. ಆರು ಗಂಟೆಗೆ ಶುರು ಎಂದರೆ ಐದೂ ಐವತ್ತರ ಮೇಲೆ ಎಲ್ಲರೂ ಬಂದು ಒಟಿಪಿ, ಟಿಕೆಟ್, ಯುಪಿಐ ಎಂದು ಒಂದೇ ಡೇಟಾಬೇಸ್‌ನ ಬಾಗಿಲಲ್ಲಿ ನಿಲ್ಲುತ್ತಾರೆ.

ಟಿಕೆಟ್ ಮಾರಾಟ ಎರಡು ಮೂರು ದಿನ ಮೊದಲೇ ತೆರೆಯಿರಿ, ಕೊನೆಯ ಗಂಟೆಗೆ ದರ ಸ್ವಲ್ಪ ಹೆಚ್ಚಿಡಿ. ಒಮ್ಮೆ ಲಾಗಿನ್ ಆದವರು ಕಾರ್ಯಕ್ರಮ ಮುಗಿಯುವ ತನಕ ಮತ್ತೆ ಲಾಗಿನ್ ಆಗಬೇಕಾಗದಷ್ಟು ಉದ್ದದ ಸಹಿ ಮಾಡಿದ ಟೋಕನ್ ಕೊಡಿ, ಪ್ರತಿ ಸಲ ಡೇಟಾಬೇಸ್ ಕೇಳುವ ಅಗತ್ಯವಿರುವುದಿಲ್ಲ. ಎಲ್ಲರ ಟೋಕನ್ನೂ ಒಂದೇ ನಿಮಿಷಕ್ಕೆ ಮುಗಿಯದಿರಲಿ, ಅವಧಿಗೆ ಹತ್ತು ಹದಿನೈದು ನಿಮಿಷ ಆಚೀಚೆ ಸೇರಿಸಿ. ಪಾವತಿ ಯಶಸ್ವಿ ಎಂಬ ಸೂಚನೆ ಒಂದಕ್ಕಿಂತ ಹೆಚ್ಚು ಸಲ ಬರಬಹುದು, ಒಂದೇ ಆರ್ಡರ್‌ಗೆ ಎರಡು ಟಿಕೆಟ್ ಹುಟ್ಟದಂತೆ ಬರೆಯಿರಿ.

"ನೇರಪ್ರಸಾರ ಶುರುವಾಗಿದೆ" ಎಂಬ ನೋಟಿಫಿಕೇಶನ್ ಒಮ್ಮೆಲೇ 50,000 ಫೋನ್‌ಗೆ ಕಳಿಸುವುದು ಸ್ವಂತ ಸರ್ವರ್ ಮೇಲೆ ನಾವೇ ದಾಳಿ ಮಾಡಿದ ಹಾಗೆ. ನಿಮಿಷಕ್ಕೆ 5,000ದಂತೆ ಹತ್ತು ನಿಮಿಷಕ್ಕೆ ಹರಡಿ. ಪೂರ್ವರಂಗದ ಹೊತ್ತಿಗೇ ಶುರು ಮಾಡಿದರೆ ಪ್ರಸಂಗ ಶುರುವಾಗುವಾಗ ಎಲ್ಲರೂ ಒಳಗಿರುತ್ತಾರೆ.

ಹೊರೆ ನೋಡಿ ತಾನಾಗಿ ಯಂತ್ರ ಹೆಚ್ಚಿಸುವ ಆಟೋ ಸ್ಕೇಲಿಂಗ್ ಇದೆಯಲ್ಲ, ಅದೇ ನೋಡಿಕೊಳ್ಳುವುದಿಲ್ಲವೇ?

ನಿಧಾನ ಏರುವ ಹೊರೆಗೆ ನೋಡಿಕೊಳ್ಳುತ್ತದೆ. ಸಿಪಿಯು ಏರಿದ್ದನ್ನು ಗಮನಿಸಿ, ಹೊಸ ಯಂತ್ರ ಎದ್ದು, ಆ್ಯಪ್ ಶುರುವಾಗಿ, ಕೆಲಸಕ್ಕೆ ಬರಲು ಹಲವು ನಿಮಿಷ ಬೇಕು. ಜನ ಒಂದೇ ನಿಮಿಷದಲ್ಲಿ ನುಗ್ಗುತ್ತಾರೆ. ನಮ್ಮ ಅನುಕೂಲ ಏನೆಂದರೆ ಇಲ್ಲಿಯ ಜನಜಂಗುಳಿಗೆ ಕ್ಯಾಲೆಂಡರ್ ಇದೆ. ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿಗೆ, ಉಡುಪಿಯ ಜೋಡುಕಟ್ಟೆಯಿಂದ ಮೆರವಣಿಗೆ. ಕಂಬಳ ಋತುವಿನ ಪಟ್ಟಿ ಮೊದಲೇ ಬರುತ್ತದೆ. ಉಡುಪಿಯ ಕೃಷ್ಣಾಷ್ಟಮಿಯ ವಿಟ್ಲಪಿಂಡಿ, ಮಂಗಳೂರಿನ ಕುದ್ರೋಳಿಯ ದಸರಾ ಮೆರವಣಿಗೆ ಎಲ್ಲಕ್ಕೂ ದಿನ ಗೊತ್ತು. ಒಂದು ಗಂಟೆ ಮೊದಲೇ ಯಂತ್ರಗಳನ್ನು ಎಬ್ಬಿಸಿಡಿ, ಸಿಪಿಯು ನೋಡಿ ಇಳಿಸುವುದನ್ನು ಆ ರಾತ್ರಿ ಆಫ್ ಮಾಡಿ.

ಜನ ಹೊರಡುವಾಗಿನ ಹೊರೆಯನ್ನೂ ಮರೆಯಬೇಡಿ. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 2.53 ಕೋಟಿ ಮಂದಿ ಇದ್ದರು. ಧೋನಿ ರನ್ ಔಟ್ ಆದ ಮೇಲೆ ಅವರು ಹಿಂದಿನ ಬಟನ್ ಒತ್ತಿ ಹೊರಬಿದ್ದರು. ವಿಡಿಯೊದ ಹೊರೆ ಇಳಿಯಿತು, ಹಿಂದಕ್ಕೆ ಬಂದವರೆಲ್ಲ ಹೋಮ್ ಪೇಜ್ ಮೇಲೆ ಬಿದ್ದರು. ಇಲ್ಲಿ ಫೈನಲ್ ಮುಗಿದಾಗ, ಮಂಗಳ ಹಾಡಿದಾಗ ಆಗುವುದೂ ಅದೇ. ಹೋಮ್ ಪೇಜನ್ನು ಪ್ರತಿ ಸಲ ಡೇಟಾಬೇಸ್‌ನಿಂದ ಕಟ್ಟಬೇಡಿ, ನಿಮಿಷಕ್ಕೊಮ್ಮೆ ಸಿದ್ಧ ಫೈಲ್ ಮಾಡಿ ಸಿಡಿಎನ್‌ನಲ್ಲಿಡಿ.

ನೋಡುಗರ ಸಂಖ್ಯೆ, ಚಾಟ್ ಇಡಬಹುದೇ?

ಸಂಖ್ಯೆಯನ್ನು 5 ಸೆಕೆಂಡಿಗೊಮ್ಮೆ ಕೇಳಿಸಿದರೆ ಅದೊಂದೇ ಸೆಕೆಂಡಿಗೆ 4,000 ಕೋರಿಕೆ. 60 ಸೆಕೆಂಡ್ ಮಾಡಿ, ಕ್ಯಾಶ್ ಮಾಡಿ. ಚಾಟ್‌ನಲ್ಲಿ ಸೆಕೆಂಡಿಗೆ ಐದು ಸಂದೇಶ ಬಂದರೂ 20,000 ಮಂದಿಗೆ ತಲುಪಿಸಲು ಸೆಕೆಂಡಿಗೆ ಒಂದು ಲಕ್ಷ ರವಾನೆ. ಇದನ್ನು ಬೇರೆಯೇ ಸರ್ವರ್‌ನಲ್ಲಿಡಿ, ಒಂದೇ ಒತ್ತಿಗೆ ಆಫ್ ಆಗುವಂತಿರಲಿ.

ಗಲ್ಫ್‌ನವರಿಗೆ ಮಾತ್ರ ನಿಲ್ಲುತ್ತದೆ.

ನಿಮ್ಮ ಸಿಡಿಎನ್ ಪ್ಲಾನ್‌ನಲ್ಲಿ ಗಲ್ಫ್‌ನ ಎಡ್ಜ್‌ಗಳು ಸೇರಿವೆಯೇ ನೋಡಿ. ಅಗ್ಗದ ಪ್ಲಾನ್‌ಗಳಲ್ಲಿ ಕೆಲವು ವಲಯ ಬಿಟ್ಟಿರುತ್ತಾರೆ, ಆಗ ದೂರದ ಎಡ್ಜ್‌ನಿಂದ ಹೋಗುತ್ತದೆ. ಹೊತ್ತಿನ ಲೆಕ್ಕವೂ ಇರಲಿ: ದುಬೈ ಒಂದೂವರೆ ಗಂಟೆ ಹಿಂದೆ, ಸೌದಿ, ಕತಾರ್, ಕುವೈತ್ ಎರಡೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಹನ್ನೊಂದಕ್ಕೆ ಜನ ಮಲಗಲು ಹೊರಟರೆ ಅಲ್ಲಿ ಊಟ ಮುಗಿಸಿ ಕೂರುವ ಹೊತ್ತು. ಯುಎಇಯಲ್ಲಿ 2022ರಿಂದ ಶನಿವಾರ, ಭಾನುವಾರ ರಜೆ. ಸೌದಿ, ಕುವೈತ್‌ನಲ್ಲಿ ಶುಕ್ರವಾರ, ಶನಿವಾರ.

ಯೂಟ್ಯೂಬ್‌ನಲ್ಲೇ ಹಾಕಿದರೆ ಸಾಲದೇ?

ಟಿಕೆಟ್ ಇಲ್ಲ, ಎಲ್ಲರೂ ನೋಡಲಿ ಎಂದಾದರೆ ಸಾಕು. ಈ ಪುಟದ ಮುಕ್ಕಾಲು ಪಾಲು ತಲೆನೋವು ತಪ್ಪುತ್ತದೆ.

ಮೊದಲೇ ಪರೀಕ್ಷೆ ಮಾಡುವುದು ಹೇಗೆ?

ಒಂದು ಗಿಗಾಬಿಟ್ ಯಂತ್ರದಿಂದ ಪೂರ್ತಿ ವಿಡಿಯೊ ತರಿಸಿ ಪರೀಕ್ಷಿಸಿದರೆ 660 ನೋಡುಗರಿಗೇ ಆ ಯಂತ್ರ ಸುಸ್ತು. ಆಗ ಸರ್ವರ್ ಸೋತಿತು ಎಂದುಕೊಳ್ಳುತ್ತೇವೆ, ಸೋತದ್ದು ಪರೀಕ್ಷೆ ಮಾಡುವ ಯಂತ್ರ. ಎರಡಾಗಿ ಒಡೆಯಿರಿ. ನಕಲಿ ಹೊರೆ ಹಾಕುವ ಕೆ6 ಅಥವಾ ಲೋಕಸ್ಟ್ ತಂತ್ರಾಂಶದಿಂದ ಪ್ಲೇಲಿಸ್ಟ್ ಕೋರಿಕೆ ಮಾತ್ರ ಸೆಕೆಂಡಿಗೆ 5,000 ಹಾಕಿ, ಜಿಜಿಪ್ ಒಪ್ಪುವ ಹೆಡರ್ ಸೇರಿಸಿ, ಪ್ರತಿ ನಕಲಿ ನೋಡುಗನಿಗೂ ಬೇರೆ ಟೋಕನ್ ಕೊಡಿ. ಎಲ್ಲರಿಗೂ ಒಂದೇ ಟೋಕನ್ ಕೊಟ್ಟರೆ ಕ್ಯಾಶ್ ಕೀ ತಪ್ಪಿದ್ದರೂ ಪಾಸಾಗುತ್ತದೆ. ಬೇರೆಯಾಗಿ ಲಾಗಿನ್, ಟಿಕೆಟ್‌ಗಳನ್ನು ನಿಮಿಷಕ್ಕೆ 2,000ದಂತೆ ಓಡಿಸಿ. ಸಿಡಿಎನ್‌ನವರಿಗೆ ಮೊದಲೇ ಹೇಳಿ, ಇಲ್ಲವಾದರೆ ದಾಳಿ ಎಂದು ತಡೆಯುತ್ತಾರೆ. ಶನಿವಾರದ ಕಂಬಳಕ್ಕೆ ಬುಧವಾರ ಪರೀಕ್ಷೆ ಮುಗಿಯಲಿ, ಗುರುವಾರದ ಮೇಲೆ ಯಾವ ಬದಲಾವಣೆಯೂ ಬೇಡ.

ನಡುವೆ ಕುಸಿಯುತ್ತಿದೆ. ಈಗ ಏನು ಮಾಡಲಿ?

ಸರ್ವರ್ ರೀಸ್ಟಾರ್ಟ್ ಮಾಡಬೇಡಿ. ರ‍್ಯಾಮ್‌ನಲ್ಲಿದ್ದ ಕ್ಯಾಶ್ ಹೋಗುತ್ತದೆ, ಸಂಪರ್ಕ ಕಡಿದ ಎಲ್ಲರೂ ಅದೇ ಕ್ಷಣ ಮರಳಿ ಬರುತ್ತಾರೆ. ಎಂಜಿನ್‌ಎಕ್ಸ್ ಸೆಟ್ಟಿಂಗ್ ಬದಲಿಸಿದರೆ ರೀಲೋಡ್ ಸಾಕು. ಹಳೆಯ ಸಂಪರ್ಕಗಳು ಮುಗಿಯುವ ತನಕ ಅದು ಕಾಯುತ್ತದೆ.

ಮೊದಲು ಚಾಟ್, ಸಂಖ್ಯೆ, ಶಿಫಾರಸು ಎಲ್ಲ ಆಫ್. ನಂತರ ಪ್ಲೇಲಿಸ್ಟ್ ಕ್ಯಾಶ್ 1ರಿಂದ 2 ಸೆಕೆಂಡಿಗೆ. ಆಮೇಲೆ 720ಪಿ ಇಳಿಸುವುದು, ಇಲ್ಲಿ ಎಡವುತ್ತಾರೆ. ಗುಣಮಟ್ಟಗಳ ಪಟ್ಟಿ ಇರುವ ಮುಖ್ಯ ಪ್ಲೇಲಿಸ್ಟ್‌ನಿಂದ 720ಪಿಯ ಸಾಲು ತೆಗೆದರೆ ಹೊಸದಾಗಿ ಬರುವವರಿಗೆ ಮಾತ್ರ ಅನ್ವಯ. ಒಳಗಿರುವವರು ಆ ಫೈಲನ್ನು ಶುರುವಿನಲ್ಲಿ ಒಮ್ಮೆ ಓದಿರುತ್ತಾರೆ, ಮತ್ತೆ ಕೇಳುವುದಿಲ್ಲ. ಅವರಿಗಾಗಿ 720ಪಿಯ ಎನ್‌ಕೋಡಿಂಗ್ ಬಿಟ್‌ರೇಟನ್ನೇ 2200ರಿಂದ 1400ಕ್ಕೆ ಇಳಿಸಿ. ಚಾಲೂ ಇರುವಾಗಲೇ ಬದಲಿಸಲು ಬರುವ ಎನ್‌ಕೋಡರ್ ಇದ್ದರೆ ಮಾತ್ರ ಇದು ಸಾಧ್ಯ, ಅದನ್ನು ಮೊದಲೇ ಖಚಿತ ಮಾಡಿಕೊಳ್ಳಿ.

ಆ್ಯಪ್‌ನಲ್ಲಿ ಮರುಪ್ರಯತ್ನದ ಅಂತರ 1, 2, 4, 8 ಸೆಕೆಂಡ್ ಎಂದು ಏರುತ್ತ 30ಕ್ಕೆ ನಿಲ್ಲಲಿ, ಪ್ರತಿಯೊಂದಕ್ಕೂ ಒಂದಷ್ಟು ಯಾದೃಚ್ಛಿಕ ಆಚೀಚೆ ಸೇರಲಿ. ಇದನ್ನು ಆ ರಾತ್ರಿ ಹಾಕಲಾಗದು, ಹಿಂದಿನ ವಾರದ ಅಪ್‌ಡೇಟ್‌ನಲ್ಲೇ ಹೋಗಿರಬೇಕು.

ಮರುದಿನ ರೆಕಾರ್ಡಿಂಗ್ ಹಾಕಿದಾಗಲೂ ಮೂಲ ಸರ್ವರ್ ಒದ್ದಾಡುತ್ತದೆ.

ನೇರಪ್ರಸಾರದಲ್ಲಿ ಎಲ್ಲರೂ ಒಂದೇ ತುಣುಕು ಕೇಳುತ್ತಾರೆ, ರೆಕಾರ್ಡಿಂಗ್‌ನಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಇರುತ್ತಾರೆ. ಹನ್ನೆರಡು ಗಂಟೆಯ ನಾಲ್ಕೂ ಗುಣಮಟ್ಟ ಸೇರಿ 22.7 ಜಿಬಿ, ಅದರಲ್ಲಿ ಯಾವ ಮೂಲೆಯನ್ನು ಬೇಕಾದರೂ ಕೇಳಬಹುದು. ಫೈಲ್‌ಗಳನ್ನು ಮೂಲ ಸರ್ವರ್‌ನ ಡಿಸ್ಕ್‌ನಿಂದ ಆಬ್ಜೆಕ್ಟ್ ಸ್ಟೋರೇಜ್‌ಗೆ (ಫೈಲ್ ಇಡುವ ಕ್ಲೌಡ್ ಗೋದಾಮಿಗೆ) ಸಾಗಿಸಿ, ಸಿಡಿಎನ್ ಅಲ್ಲಿಂದಲೇ ಎತ್ತಿಕೊಳ್ಳಲಿ. ಜನ ಹೆಚ್ಚು ನೋಡುವ ಭಾಗಗಳನ್ನು, ಅಂದರೆ ಫೈನಲ್‌ಗಳನ್ನು, ಮಹಿಷಾಸುರನ ಪ್ರವೇಶವನ್ನು, ಲಿಂಕ್ ಹಂಚುವ ಮೊದಲು ಬೆಳಗಿನ ಐದಾರು ಗಂಟೆಗೆ ಒಂದು ಸ್ಕ್ರಿಪ್ಟ್‌ನಿಂದ ಸಿಡಿಎನ್ ಮೂಲಕ ಒಮ್ಮೆ ಕೇಳಿಸಿ ಶೀಲ್ಡ್‌ನಲ್ಲಿ ತುಂಬಿಸಿಡಿ. ನೆಟ್‌ಫ್ಲಿಕ್ಸ್ ತನ್ನ ಓಪನ್ ಕನೆಕ್ಟ್ ಪೆಟ್ಟಿಗೆಗಳನ್ನು (ನೋಡುಗರ ಹತ್ತಿರ ಇಡುವ ಕ್ಯಾಶ್ ಸರ್ವರ್‌ಗಳನ್ನು) ಜನ ಕಡಿಮೆ ಇರುವ ಹೊತ್ತಿನಲ್ಲಿ ತುಂಬಿಸುವುದೂ ಇದೇ ಲೆಕ್ಕಕ್ಕೆ. ಲಿಂಕನ್ನು ಏಳು ಗಂಟೆಯ ಮೇಲೆ ಹಂಚಿ.